ಪುತ್ರೀಸಮೇತ ಪರದೇಶಯಾನ ಮೀಮಾಂಸೆ

ವಿಲ್ಸನ್ ಗಾರ್ಡನ್ನಿನ ಹತ್ತನೇ ಕ್ರಾಸಿನ ಆಸುಪಾಸು. ಊಟದ ಮೇಜಿನ ಮೇಲೆ ತೆರೆದ ಲ್ಯಾಪ್‌ಟಾಪು, ಪಕ್ಕದಲ್ಲಿ ಆರಿ ಕೆನೆಗಟ್ಟಿದ ಕಾಫಿ, ಎದುರಿಗೆ ಫೋನಿನಿಂದ ತಲೆಯೆತ್ತದ ಹದಿನೈದರ ಮಗಳು. ಇಷ್ಟು ಸಾಮಗ್ರಿ ಕೂಡಿದ ಕಡೆ ಪರದೇಶಯಾನವೆಂಬ ಶಾಸ್ತ್ರ ತಾನಾಗಿಯೇ ಹುಟ್ಟುತ್ತದೆ. ಪ್ರಸ್ತುತ ಪ್ರಬಂಧಕ್ಕೆ ಅಂಥ ಒಂದು ಮನೆಯೇ ಕ್ಷೇತ್ರ. ಯಾವ ಮನೆ ಎಂದು ಕೇಳಬಾರದು. ಆ ಸಾಲಿನಲ್ಲಿ ಯಾರ ಮನೆಯ ಬೆಲ್ ಒತ್ತಿದರೂ ನಡೆದೀತು.

ಮೊದಲು ಪೂರ್ವಸೂರಿಗಳು. ಗೋಕಾಕರು ‘ಸಮುದ್ರದಾಚೆಯಿಂದ’ ಬರೆದರು, ಕಾರಂತರು ‘ಅಪೂರ್ವ ಪಶ್ಚಿಮ’ ಬರೆದರು, ‘ಅಮೆರಿಕಾದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೇ ತಂದಿತು. ಹೋಟೆಲಿನ ಕನ್ನಡಿಯ ಮುಂದೆ ಮುಕ್ಕಾಲು ಗಂಟೆ ನಿಲ್ಲುವ ಸಹಯಾತ್ರಿಯನ್ನು ಹೊರಡಿಸುವುದು ಹೇಗೆ ಎಂಬ ಅಧ್ಯಾಯವನ್ನು ಇವುಗಳಲ್ಲಿ ಹುಡುಕಹೊರಟ ಅಪ್ಪ ಬರಿಗೈಲಿ ಮರಳಿದ್ದಾನೆ.

ಇನ್ನು ಲಕ್ಷಣ ವಿಚಾರ. ಹದಿಹರೆಯ ಎಂದರೇನು? ಆಚಾರ್ಯರಲ್ಲಿ ಒಮ್ಮತವಿಲ್ಲ. ವಿಮಾನದವರ ಮತದಲ್ಲಿ ಹನ್ನೆರಡು ತುಂಬಿದರೆ ಪೂರ್ತಿ ಟಿಕೆಟ್. ಷೆಂಗೆನ್ ವೀಸಾದವರದೂ ಅದೇ ಮಾರ್ಗ: 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರು ತುಂಬಿ ಹನ್ನೆರಡು ತುಂಬದ ಮಕ್ಕಳಿಗಷ್ಟೇ 45. ಪಾಸ್‌ಪೋರ್ಟಿನವರದು ಬೇರೆ ದರ್ಶನ. ಹದಿನೆಂಟರ ತನಕ ಆಕೆ ಅಪ್ರಾಪ್ತೆ, ಅಪ್ಪ ಅಮ್ಮನ ಒಪ್ಪಿಗೆ ಪತ್ರ ಬೇಕು. ಆದರೆ ಹದಿನೈದು ದಾಟಿದ್ದರೆ ಬೇಕೆಂದವರಿಗೆ ಹತ್ತು ವರ್ಷದ ಪಾಸ್‌ಪೋರ್ಟೇ ಸಿಗುತ್ತದೆ. ಪ್ಯಾರಿಸ್ಸಿನ ಲೂವ್ರ್ ಹದಿನೆಂಟರೊಳಗಿನವರನ್ನು ಪುಕ್ಕಟೆ ಒಳಗೆ ಬಿಡುತ್ತದೆ. ಇವೆಲ್ಲವನ್ನೂ ಸಮನ್ವಯಗೊಳಿಸಿದರೆ ಹೊರಡುವ ಸೂತ್ರ ಇದು: ದುಡ್ಡು ಕಟ್ಟುವಾಗ ದೊಡ್ಡವಳು, ಸಹಿ ಹಾಕುವಾಗ ಮಗು. ಪಾತ್ರೆ ತೊಳೆಯೋಕೆ ಮಗು, ರಾತ್ರಿ ಹನ್ನೊಂದಕ್ಕೆ ಫೋನ್ ಕಿತ್ತುಕೊಂಡರೆ ದೊಡ್ಡವಳು ಎಂಬುದು ಇದಕ್ಕೆ ತಾಯಿ ಸೇರಿಸಿದ ವಾರ್ತಿಕ.

ಊರು ಯಾವುದು ಎಂಬಲ್ಲಿ ವಾದ ಕಾವೇರಿತು. ಮಗಳು ಸೋಲ್ ಎಂದಳು. ಕಾರಣ ಕೇಳಿದ್ದಕ್ಕೆ ‘ಬಿಟಿಎಸ್’ ಎಂಬ ಮೂರೇ ಅಕ್ಷರದ ಉತ್ತರ. ತಾತ ಕಿವಿ ನಿಮಿರಿಸಿದರು. ಅವರ ಪಾಠದಲ್ಲಿ ಬಿಟಿಎಸ್ ಎಂದರೆ ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಇನ್ನೊಂದು ಗಾಳಿಯಲ್ಲಿ. 1997ರಲ್ಲಿ ಅದು ಬಿಎಂಟಿಸಿಯಾಯಿತು, ಅದರ ಕೇಂದ್ರ ಕಚೇರಿ ಇಲ್ಲೇ ಶಾಂತಿನಗರದಲ್ಲಿದೆ, ಇದಕ್ಕೆ ಕೊರಿಯಾತನಕ ಯಾಕೆ ಹೋಗಬೇಕು ಎಂಬುದು ಅವರ ಪ್ರಾಮಾಣಿಕ ಸಂಶಯ. ಮಗಳ ಪಾಠದಲ್ಲಿ ಅದು 2013ರಲ್ಲಿ ರಂಗಕ್ಕಿಳಿದ ಏಳು ಹುಡುಗರ ತಂಡ. ಅಪ್ಪ ಗೂಗಲ್ ಮಾಡಿ ಮೂರನೆಯ ಪಾಠಾಂತರ ತೆಗೆದ: ಬ್ಯಾಂಕಾಕ್‌ನಲ್ಲಿ 1999ರಿಂದ ಓಡುತ್ತಿರುವ ಮೇಲುರೈಲು. ‘ಅದು ಅಗ್ಗ ಕಣೇ’ ಎಂದ. ‘ಅಪ್ಪಾ, ಕ್ರಿಂಜ್’ ಎಂದಳು. ಈ ಖಂಡನೆಗೆ ಪ್ರತಿಖಂಡನೆ ಇನ್ನೂ ಯಾವ ಶಾಸ್ತ್ರದಲ್ಲೂ ಬಂದಿಲ್ಲ.

ಕೊನೆಗೆ ಪ್ಯಾರಿಸ್ಸನ್ನೂ ಕೈಬಿಟ್ಟು, ಎಲ್ಲರಿಗೂ ಸಮಾನ ಅಸಮಾಧಾನ ಕೊಡುವ ಊರೆಂದು ಲಂಡನ್ ನಿಗದಿಯಾಯಿತು.

ತಾತನ ಪೂರ್ವಪಕ್ಷ ಆಗಲೂ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಲಾಲ್‌ಬಾಗ್ ಸುತ್ತುವ ಅವರಿಗೆ ಗಾಜಿನ ಮನೆಯ ಜಾತಕ ಬಾಯಿಪಾಠ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಲ್ಲಿ ಕಟ್ಟಿದ್ದು. ರಾಜಕುಮಾರ ಆಲ್ಬರ್ಟ್ ವಿಕ್ಟರ್ ಶಂಕುಸ್ಥಾಪನೆ ಮಾಡಿದ್ದು 1889ರ ನವೆಂಬರ್ 30ರಂದು. ಅದೇ ವರ್ಷ ಐಫೆಲ್ ಗೋಪುರವೂ ಎದ್ದಿತು, ಅಂದರೆ ಎರಡೂ ಒಂದೇ ವಾರಗೆಯ ಕಬ್ಬಿಣ. ಇನ್ನು ಮೂಲ ಕ್ರಿಸ್ಟಲ್ ಪ್ಯಾಲೇಸು? 1936ರಲ್ಲಿ ಸುಟ್ಟು ಬೂದಿಯಾಯಿತು, ಅದೂ ನವೆಂಬರ್ 30ರಂದೇ! ‘ಅಲ್ಲಿರೋದು ಬೂದಿ, ಇಲ್ಲಿರೋದು ಕಟ್ಟಡ. ಹೇಳಿ, ಯಾವುದು ನೋಡ್ತೀರಿ?’ ವಾದ ಎಷ್ಟು ಬಿಗಿಯಾಗಿತ್ತೆಂದರೆ ಉತ್ತರಿಸಲಾರದೆ ಎಲ್ಲರೂ ಊಟಕ್ಕೆದ್ದರು.

ಅಪ್ಪನ ಎಕ್ಸೆಲ್ ಹಾಳೆಯಲ್ಲಿ ನಲವತ್ತೊಂದು ಸಾಲುಗಳಿವೆ. ಮೊದಲ ಸಾಲಿನಲ್ಲಿ ಥೇಮ್ಸ್ ದಂಡೆಯ ಬಸವಣ್ಣ, 2015ರ ನವೆಂಬರಿನಲ್ಲಿ ಅನಾವರಣಗೊಂಡ ಪ್ರತಿಮೆ. ಎರಡರಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಟಿಪ್ಪುವಿನ ಹುಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತೊಯ್ದದ್ದು. ಮೂರರಲ್ಲಿ ಕ್ಯೂ ಗಾರ್ಡನ್ಸ್, ನಮ್ಮ ಕ್ರುಂಬಿಗಲ್ ಲಾಲ್‌ಬಾಗಿಗೆ ಬರುವ ಮುಂಚೆ ದುಡಿದ ತೋಟ. ಮಗಳ ಪಟ್ಟಿ ಫೋನಿನಲ್ಲಿದೆ, ಮೂರೇ ಸಾಲು: ಕಿಂಗ್ಸ್ ಕ್ರಾಸ್ ಸ್ಟೇಷನ್ನಿನ ಗೋಡೆಯೊಳಗೆ ಅರ್ಧ ಹೊಕ್ಕ ಹ್ಯಾರಿ ಪಾಟರ್ ಟ್ರಾಲಿ, ಕ್ಯಾಮ್ಡನ್ ಮಾರ್ಕೆಟ್, ಆಬಿ ರೋಡಿನ ಜೀಬ್ರಾ ಪಟ್ಟೆ. ಹೊಸೂರು ರಸ್ತೆಯ ಜೀಬ್ರಾ ಪಟ್ಟೆಯನ್ನು ಒಮ್ಮೆಯೂ ಗೌರವಿಸದ ಹುಡುಗಿ ಅದು. ಎರಡು ಪಟ್ಟಿಗಳಲ್ಲಿ ಒಂದು ಸಾಲೂ ಕೂಡುವುದಿಲ್ಲ. ಆದರೂ ಸಂಶೋಧಕನ ಕಣ್ಣಿಗೆ ಇಬ್ಬರ ರೋಗವೂ ಒಂದೇ. ಅಪ್ಪ ಇಲ್ಲಿಂದ ಹೋದದ್ದನ್ನು ಅಲ್ಲಿ ನೋಡಬೇಕು, ಮಗಳು ರೀಲಿನಲ್ಲಿ ನೂರು ಸಲ ನೋಡಿದ್ದನ್ನು ನೂರಾಒಂದನೇ ಸಲ ನೋಡಬೇಕು. ಕಾಣದ ಊರನ್ನು ಕಾಣುವ ಚಪಲ ಇಬ್ಬರಿಗೂ ಇಲ್ಲ.

ಭಾರಶಾಸ್ತ್ರ ತಾಯಿಯ ಸುಪರ್ದಿ. 1902ರಲ್ಲಿ ಜೈಪುರದ ಎರಡನೇ ಮಾಧೋಸಿಂಗ್ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೊರಟಾಗ ದೈತ್ಯ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ಒಯ್ದರಂತೆ. ವಿಲ್ಸನ್ ಗಾರ್ಡನ್ನಿನ ಚಟ್ನಿಪುಡಿಗೆ ಅಷ್ಟು ಸಲೀಸಿಲ್ಲ. ಅಪ್ಪ ಸೂಟ್‌ಕೇಸನ್ನು ಎದೆಗವಚಿ ತೂಕದ ಯಂತ್ರದ ಮೇಲೆ ನಿಲ್ಲುತ್ತಾನೆ, ಮಗಳು ಬಗ್ಗಿ ಅಂಕಿ ಓದುತ್ತಾಳೆ, ಅದರಿಂದ ಅಪ್ಪನ ತೂಕ ಕಳೆಯಬೇಕು. ಆತ ಹೇಳುವ ಸ್ವಂತ ತೂಕ ಮೂರು ಕಿಲೋ ಸುಳ್ಳಾದ್ದರಿಂದ ಲೆಕ್ಕ ಪ್ರತಿ ಸಲ ತಪ್ಪುತ್ತದೆ. ಭಾರತದಿಂದ ಹಾಲಿನ ಪದಾರ್ಥ ಒಯ್ಯಲು ಬ್ರಿಟನ್ನಿನ ನಿಷೇಧವಿದೆಯೆಂದು ಗೊತ್ತಾದಾಗ ಧರ್ಮಸೂಕ್ಷ್ಮವೊಂದು ಎದ್ದಿತು: ಬಾಟಲಿಯ ತುಪ್ಪ ನಿಷಿದ್ಧ ಸರಿ, ಮೈಸೂರ್‌ಪಾಕಿನೊಳಗೆ ಲೀನವಾದ ತುಪ್ಪ ತುಪ್ಪವೇ ಅಲ್ಲವೇ? ಅಜ್ಜಿ ಅದ್ವೈತದ ಕಡೆ ನಿಂತರು.

ಎಲ್ಲ ಮುಗಿಯಿತೆನ್ನುವಾಗ ಮಗಳು ಮೊದಲ ಬಾರಿ ಫೋನಿನಿಂದ ತಲೆಯೆತ್ತಿ, ‘ಅಪ್ಪಾ, ನಿನ್ನ ಪಾಸ್‌ಪೋರ್ಟ್ ಎಕ್ಸ್‌ಪೈರ್ ಆಗಿದೆ’ ಎಂದಳು. ಎಲ್ಲರ ದಾಖಲೆಗಳನ್ನೂ ಮೂರು ಮೂರು ಸಲ ತಪಾಸಣೆ ಮಾಡಿದ್ದವನು ತನ್ನದನ್ನು ತೆರೆದಿರಲಿಲ್ಲ.

ಹೀಗಾಗಿ ಕ್ಷೇತ್ರಕಾರ್ಯದ ಮೊದಲ ದಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ನಡೆಯಿತು. ಜೊತೆಗೆ ಬಂದ ಮಗಳಿಗೆ ಲಂಚವಾಗಿ ಎಂಟಿಆರ್‌ನ ಮಸಾಲೆ ದೋಸೆ. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲೇ ಯೂರೋಪು ಸುತ್ತಿ ಅಲ್ಲಿನ ಹೋಟೆಲುಗಳ ಅಚ್ಚುಕಟ್ಟು ಕಲಿತು ಬಂದರೆಂದು ಅಪ್ಪ ದಾರಿಯುದ್ದಕ್ಕೂ ವಿವರಿಸಿದ. ಪ್ಯಾರಿಸ್ ಕೈಬಿಟ್ಟ ಮೇಲೂ ಅವನ ಎಕ್ಸೆಲ್‌ನಲ್ಲಿ ಲೂವ್ರಿಗೆ ಮಂಗಳವಾರ ರಜೆ ಎಂಬುದು ಹಳದಿ ಬಣ್ಣದಲ್ಲಿ ಹಾಗೇ ಇತ್ತು. ಅವತ್ತು ಸೋಮವಾರ. ಎಂಟಿಆರ್‌ಗೆ ವಾರದ ರಜೆ. ಎಳೆದ ಬಾಗಿಲ ಮುಂದೆ ನಿಂತ ಅಪ್ಪನ ಫೋಟೊ ಹೊಡೆದು ಮಗಳು ಕೇಳಿದಳು, ‘ಇದು ಎಷ್ಟನೇ ಸಾಲಪ್ಪಾ?’