ಮಂದಣ್ಣನ ಅರ್ಜಿ ತಿರಸ್ಕೃತವಾಗಿದೆ

ಮೂಡಿಗೆರೆಯ ಸೈಬರ್ ಸೆಂಟರಿನ ಹುಡುಗ ಮೌಸಿನಿಂದ ಕೈ ತೆಗೆಯದೆ, 'ಇನ್ನೂ 14 ಕೆಬಿ ಇಳಿಸ್ಬೇಕು ಸಾರ್' ಅಂದ. ಹೊರಗೆ ಪುನರ್ವಸು ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಕರೆಂಟು ಹೋಗಿ ಅರ್ಧ ಗಂಟೆಯಾಗಿತ್ತು, ಯುಪಿಎಸ್ಸು ಕುಂಯ್ ಕುಂಯ್ ಅನ್ನುತ್ತ ತನ್ನ ಕೊನೆಯುಸಿರನ್ನು ಎಣಿಸುತ್ತಿತ್ತು. ಅರ್ಜಿಗೂ ಅವತ್ತೇ ಕೊನೇ ದಿನ.

ಪರದೆಯ ಮೇಲಿದ್ದದ್ದು ಒಂದು ಮಳೆಪುಸ್ತಕದ ಪುಟ. ಕಳಸದ ಕಡೆಯ ತೋಟವೊಂದರಲ್ಲಿ ರೈಟರಾಗಿದ್ದವರು 38 ವರ್ಷ ದಿನಾ ಬೆಳಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ ಬರೆದಿಟ್ಟ ಲೆಕ್ಕ. ಇಂಚು ಮತ್ತು ಸೆಂಟ್ಸಿನಲ್ಲಿ. ಕಾಫಿಸೀಮೆಯವರಿಗೆ ಮಿಲಿಮೀಟರು ಇವತ್ತಿಗೂ ಒಗ್ಗಿಲ್ಲ. ಇಂಚನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್ಸು. 'ಹೂಮಳೆ ಎಷ್ಟು ಬಂತು?' ಅಂದರೆ 'ಒಂದೂ ಇಪ್ಪತ್ತು' ಅನ್ನುತ್ತೇವೆ, ಎದುರಿನವರಿಗೆ ಹೊಟ್ಟೆ ಉರಿಯುತ್ತದೆ. ರೈಟರ ಪುಸ್ತಕದಲ್ಲಿ ಅಂಕಿಯ ಪಕ್ಕ ಷರಾ ಕಾಲಂ ಬೇರೆ. 'ಹೆಬ್ಬಾಳೆ ಸೇತುವೆ ಮುಳುಗಿದೆ, ಹೊರನಾಡು ಬಸ್ಸಿಲ್ಲ.' 'ಕೆಳಗಿನ ಪಟ್ಟೆಯಲ್ಲಿ ಕೊಳೆ ಶುರು.' 'ಕಣದಲ್ಲಿ ಪಾರ್ಚ್‌ಮೆಂಟ್ ನೆನೆಯಿತು, ಸಾಹುಕಾರರು ಬೈದರು.' ಹವಾಮಾನ ವೈಪರೀತ್ಯ ಎಂದು ಈಗ ಎಲ್ಲರೂ ಭಾಷಣ ಮಾಡುವ ಸಂಗತಿ ಸಾಹುಕಾರರ ಬೈಗುಳದ ಸಮೇತ ದಾಖಲಾಗಿರುವುದು ಅಲ್ಲಿ.

ಇಂಥ ಪುಸ್ತಕಗಳು ಎಷ್ಟೋ ತೋಟದ ಕಚೇರಿಗಳಲ್ಲಿವೆ. ಅವನ್ನೆಲ್ಲ ಒಂದು ಕಡೆ ಸೇರಿಸಿ ಒಂದು ಕೃತಿ ಮಾಡೋಣ, ಅದಕ್ಕೊಂದು ಫೆಲೋಶಿಪ್ ಕೇಳೋಣ ಎಂಬ ದುರ್ಬುದ್ಧಿ ನನಗೆ ಬಂದದ್ದರಿಂದ ಈ ಕೆಬಿ ಇಳಿಸುವ ಕೆಲಸ. ಕಡತ 200 ಕೆಬಿ ಮೀರಬಾರದಂತೆ. 214 ಇದ್ದಾಗ ಅಂಕಿ ಓದಲು ಬರುತ್ತಿತ್ತು. 199ಕ್ಕೆ ಇಳಿದಾಗ ಪುಟದ ತುಂಬ ಇರುವೆ ಸತ್ತು ಬಿದ್ದ ಹಾಗೆ ಕಂಡಿತು. ಪೋರ್ಟಲ್ಲು ಸಂತೋಷದಿಂದ ಒಪ್ಪಿಕೊಂಡಿತು.

'ಎಂತದಕ್ಕೆ ಸಾರ್ ಇದು, ಬೆಳೆ ಪರಿಹಾರಕ್ಕಾ?' ಹುಡುಗ ಕೇಳಿದ.

'ಅಲ್ಲ ಮಾರಾಯ, ಫೆಲೋಶಿಪ್ಪಿಗೆ.'

ಅವನು ನನ್ನ ತಲೆಯ ಬಿಳಿಗೂದಲನ್ನೊಮ್ಮೆ ನೋಡಿ ಸುಮ್ಮನಾದ. ಯಾವ ಸಂಸ್ಥೆಯ ಫೆಲೋಶಿಪ್ ಎಂದು ಓದುಗರು ಕೇಳಬಾರದು. ಮುಂದಿನ ವರ್ಷ ಮತ್ತೆ ಅಲ್ಲಿಗೇ ಅರ್ಜಿ ಹಾಕುವುದಿದೆ.

ಹುಡುಗನಿಗೆ ಗೊತ್ತಿಲ್ಲದ್ದೆಂದರೆ ಈ ದೇಶದಲ್ಲಿ ಯಾವ ವಯಸ್ಸಿನವನಿಗೂ ಕಾಸಿಲ್ಲ ಅನ್ನುವ ಹಾಗಿಲ್ಲ. 30ರ ಒಳಗಿದ್ದರೆ ಪ್ರಧಾನಮಂತ್ರಿಗಳ 'ಯುವ' ಯೋಜನೆಯಿದೆ, ಆರು ತಿಂಗಳು ತಿಂಗಳಿಗೆ 50,000. ಏನು ಬರೆಯಬೇಕೆಂಬ ಚಿಂತೆಯೂ ಬೇಡ, ವಿಷಯ ಅವರೇ ಕೊಡುತ್ತಾರೆ. 25 ದಾಟಿ 40ರೊಳಗಿದ್ದರೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಜೂನಿಯರ್ ಫೆಲೋಶಿಪ್, ತಿಂಗಳಿಗೆ 10,000. 40 ದಾಟಿತೋ ಸೀನಿಯರ್, 20,000. ಎರಡು ವರ್ಷ. ಅಂದರೆ 39ನೇ ವಯಸ್ಸಿನ ಯಕ್ಷಗಾನದ ಭಾಗವತರು ಒಂದು ವರ್ಷ ಗಂಟಲು ಕಟ್ಟಿ ಕೂತರೆ ಅವರ ಕಂಠದ ಬೆಲೆ ದುಪ್ಪಟ್ಟಾಗುತ್ತದೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಯುಜಿಸಿ ಕೊಡುವ ಜೆಆರ್‌ಎಫ್ 2023ರಿಂದ ತಿಂಗಳಿಗೆ 37,000ಕ್ಕೆ ಏರಿದೆ. ಬೆಂಗಳೂರಿನ ನ್ಯೂ ಇಂಡಿಯಾ ಫೌಂಡೇಶನ್ನಿನವರು ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವವರಿಗೂ ಆರು ಲಕ್ಷದ ಫೆಲೋಶಿಪ್ ಇಟ್ಟಿದ್ದಾರೆ. ಅದೇ ಊರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಅಂತೂ ಪ್ರಸ್ತಾವವನ್ನು ಕನ್ನಡದಲ್ಲೇ ಬರೆದು ಕಳಿಸಿ ಅನ್ನುತ್ತದೆ. ಹೀಗೆ ಹೇಳುವವರು ಒಬ್ಬರಾದರೂ ಇದ್ದಾರಲ್ಲ ಎಂದು ನಾನು ಎರಡು ಸಲ ಓದಿಕೊಂಡೆ.

ಹಣ ಇದೆ. ಅದರ ಸುದ್ದಿ ಘಟ್ಟ ಹತ್ತುವಷ್ಟರಲ್ಲಿ ಕೊನೇ ದಿನ ಮುಗಿದಿರುತ್ತದೆ. ಕಳಸದ ಆಚೆಯ ಹಳ್ಳಿಗಳಲ್ಲಿ ಅಧಿಸೂಚನೆ ಓದಬೇಕಾದರೆ ರೇಂಜ್ ಸಿಗುವ ಗುಡ್ಡದ ನೆತ್ತಿಗೆ ಹೋಗಿ ಮೊಬೈಲನ್ನು ಆರತಿಯ ಹಾಗೆ ಎತ್ತಿ ಹಿಡಿಯಬೇಕು. ಪಿಡಿಎಫ್ ಇಳಿಯುವಷ್ಟರಲ್ಲಿ ಇಂಬಳ ಮಂಡಿ ಹತ್ತಿರುತ್ತದೆ.

ಆದರೆ ಅರ್ಜಿ ತುಂಬುವಾಗ ನನ್ನನ್ನು ಕಂಗೆಡಿಸಿದ್ದು ರೇಂಜಲ್ಲ, ಕೆಬಿಯೂ ಅಲ್ಲ. 11ನೇ ಕಾಲಂ: 'ನಿರೀಕ್ಷಿತ ಫಲಿತಾಂಶ.' ಇನ್ನೂ ನೋಡದ ಮಳೆಪುಸ್ತಕಗಳಲ್ಲಿ ಏನು ಸಿಗುತ್ತದೆಂದು ಈಗಲೇ ಬರೆಯಬೇಕು. ಗೊತ್ತಿದ್ದರೆ ಹುಡುಕುವುದ್ಯಾಕೆ ಮಾರಾಯ್ರೆ? ಅದರ ಕೆಳಗೆ, ಪ್ರತಿ ಮೂರು ತಿಂಗಳಿಗೆ ಸಾಧಿಸಲಿರುವ ಮೈಲಿಗಲ್ಲು. 12ನೇ ಕಾಲಂ: 'ಸಂಯೋಜಿತ ಸಂಸ್ಥೆ.' ನಾನು ಯಾವ ಸಂಸ್ಥೆಗೂ ಸಂಯೋಜಿತನಲ್ಲ. ಸೊಸೈಟಿಯ ಸದಸ್ಯ ಹೌದು, ಅಲ್ಲಿ ಗೊಬ್ಬರದ ಬಾಕಿ ಇದೆ.

ಆಗ ನೆನಪಾದವನು ಮಂದಣ್ಣ. ತೇಜಸ್ವಿಯವರು ಈ ಮೂಡಿಗೆರೆಯಲ್ಲೇ ಕೂತು ಬರೆದ 'ಕರ್ವಾಲೊ' ಕಾದಂಬರಿ 1980ರಲ್ಲಿ ಬಂತು. ಅದರಲ್ಲಿ ವಿಜ್ಞಾನಿ ಕರ್ವಾಲೊ ಅವರೇ. ಆದರೆ ಹಾರುವ ಓತಿಯನ್ನು ಮೊದಲು ಕಂಡವನು ಜೇನು ಹಿಡಿಯುವ ಮಂದಣ್ಣ. ಆ ಮಂದಣ್ಣ ಇವತ್ತು ಅರ್ಜಿ ಹಾಕಿದ್ದರೆ?

ಪೂರ್ವ ಪ್ರಕಟಣೆಗಳು: ಇಲ್ಲ, ಕಣ್ಣಾರೆ ಕಂಡಿದ್ದೇನೆ. ಸಂಯೋಜಿತ ಸಂಸ್ಥೆ: ಜೇನುಪೆಟ್ಟಿಗೆ. ಅರ್ಜಿದಾರರ ಮೇಲೆ ಪ್ರಕರಣಗಳೇನಾದರೂ: ಕಳ್ಳಭಟ್ಟಿ, ಒಂದು. ಬಜೆಟ್ಟಿನಲ್ಲಿ ಓತಿ ಹುಡುಕುವ ತಂಡದ ಬಿರಿಯಾನಿ ಕರಿಯಪ್ಪನ ಹೆಸರು ಕಂಡದ್ದೇ ಲೆಕ್ಕಪತ್ರ ವಿಭಾಗದವರು 'ಆತಿಥ್ಯ ವೆಚ್ಚ ಅನುಮತಿಸಿಲ್ಲ' ಎಂದು ಕೆಂಪು ಗೆರೆ ಎಳೆಯುತ್ತಿದ್ದರು. ಕಿವಿ ಎಂಬ ನಾಯಿ ತಂಡದಲ್ಲಿರುವುದಕ್ಕೆ ಪ್ರಾಣಿಬಳಕೆಯ ನೈತಿಕ ಸಮಿತಿಯ ಒಪ್ಪಿಗೆಪತ್ರ ಎಲ್ಲಿ? ಇಷ್ಟೆಲ್ಲ ದಾಟಿದರೂ ನಿರೀಕ್ಷಿತ ಫಲಿತಾಂಶದ ಕಾಲಮ್ಮಿನಲ್ಲಿ ಆ ಪ್ರಾಮಾಣಿಕ ಬರೆಯಬೇಕಾದದ್ದು ಒಂದೇ: ಓತಿ ಕೊನೆಗೆ ಕೈಗೆ ಸಿಗದೆ ಕಣಿವೆಗೆ ಹಾರಿಹೋಗುತ್ತದೆ. ಯೋಜನೆ ವಿಫಲ, ಮಂಜೂರಾದ ಮೊತ್ತವನ್ನು ಬಡ್ಡಿಸಮೇತ ಹಿಂದಿರುಗಿಸತಕ್ಕದ್ದು, ಜೊತೆಗೆ ಜಿಎಫ್‌ಆರ್ 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ. ತೇಜಸ್ವಿ ಜಾಣರು, ಎಂ.ಎ. ಮಾಡಿಕೊಂಡೂ ಮೇಷ್ಟರಾಗದೆ ಕಾಫಿ ಗಿಡ ನೆಟ್ಟರು. ಆ ಗಿಡಗಳು ಮೈಲಿಗಲ್ಲು ಕೇಳಲಿಲ್ಲ.

ಕಾಫಿಯ ಮಾತು ಬಂತಲ್ಲ. ಕಾಫಿಲೋಕದಲ್ಲಿ 'ಕೆಂಟ್' ಎಂಬ ತಳಿಗೆ ದೊಡ್ಡ ಹೆಸರು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೆಂಟ್ ಎಂಬ ಪ್ಲಾಂಟರು, ಎಲೆತುಕ್ಕು ಬಡಿದ ತನ್ನ ತೋಟದಲ್ಲಿ ಒಂದೇ ಒಂದು ಗಿಡ ಹಸಿರಾಗಿ ನಿಂತದ್ದನ್ನು ನೋಡಿದ, ಅದರ ಬೀಜ ಎತ್ತಿಟ್ಟ. ಅಷ್ಟೇ ಅವನ ಸಂಶೋಧನಾ ವಿಧಾನ. ಆ ಗಿಡದ ಸಂತಾನ ಪೂರ್ವ ಆಫ್ರಿಕದವರೆಗೂ ಹೋಯಿತು. ಆಮೇಲೆ 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು, ಈಗಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ. ಅಲ್ಲಿಯವರು ಅದೇ ಕೆಂಟನ್ನು ಇನ್ನೊಂದು ತಳಿಯ ಜೊತೆ ಕೂಡಿಸಿ ತೆಗೆದದ್ದು ಎಸ್.795. ಅದು ಬೆಳೆಗಾರರ ಕೈಗೆ ಬಂದದ್ದು 1940ರ ದಶಕದಲ್ಲಿ. ಕೇಂದ್ರ ತೆರೆದು ಹೆಚ್ಚುಕಡಿಮೆ 20 ವರ್ಷ! ಇವತ್ತಾಗಿದ್ದರೆ ಎರಡನೇ ಮಳೆಗಾಲಕ್ಕೇ ಪರಿಶೀಲನಾ ಸಮಿತಿ ಕಾರು ಹತ್ತಿ ಬಂದು, ಗಿಡ ಯಾಕೆ ಇನ್ನೂ ಹೂ ಬಿಟ್ಟಿಲ್ಲ ಎಂದು ವಿವರಣೆ ಕೇಳಿ, ಹಿಂದಿರುಗುವಾಗ ಎರಡು ಕೆಜಿ ಪುಡಿ ಕಟ್ಟಿಸಿಕೊಂಡು ಹೋಗುತ್ತಿತ್ತು. ಮಲೆನಾಡಿನಲ್ಲಿ ಇವತ್ತಿಗೂ ಎಸ್.795 ನಿಂತಿದೆ, ಅದರ ಕಾಫಿಯನ್ನೇ ಕುಡಿದು ನಾವು ಈ ಅರ್ಜಿಗಳನ್ನು ತುಂಬುತ್ತೇವೆ.

ಕೊಳೆರೋಗದ ಕಥೆ ಇನ್ನೂ ಚಂದ. ಮಳೆಗಾಲದಲ್ಲಿ ಕಾಫಿಯ ಎಲೆ, ಕಾಯಿ ಕಪ್ಪಾಗಿ ಕೊಳೆತು ಜೋತುಬೀಳುವುದನ್ನು ನಮ್ಮ ಕಡೆ ಆಳುಕಾಳುಗಳು ಕೊಳೆ ಅನ್ನುತ್ತಿದ್ದರು. 19ನೇ ಶತಮಾನದಲ್ಲಿ ಅದರ ಶಿಲೀಂಧ್ರಕ್ಕೆ ಇಂಗ್ಲಿಷ್ ವಿಜ್ಞಾನಿಯೊಬ್ಬರು ನಾಮಕರಣ ಮಾಡುವಾಗ ನಮ್ಮ 'ಕೊಳೆರೋಗ'ವನ್ನೇ ಎತ್ತಿ ಲ್ಯಾಟಿನ್ ಹೆಸರಿನೊಳಗೆ ಕೂರಿಸಿದರು. ಜಗತ್ತಿನ ಸಸ್ಯರೋಗದ ಪುಸ್ತಕಗಳಲ್ಲಿ ಕನ್ನಡ ಈಗಲೂ ಕೊಳೆಯುತ್ತ ಕೂತಿದೆ. ಆ ಪದ ಹೇಳಿಕೊಟ್ಟ ಆಳಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅವರು 'ಮಾಹಿತಿದಾರರು'.

ಈ ಪದ್ಧತಿ ಈಗಲೂ ಜಾರಿಯಲ್ಲಿದೆ. ಹೋದ ವರ್ಷ ಒಬ್ಬ ಸಂಶೋಧಕ ಹುಡುಗ ಪ್ರಶ್ನಾವಳಿ ಹಿಡಿದುಕೊಂಡು ರೈಟರ ಮನೆಗೆ ಬಂದಿದ್ದ, ನಾನೂ ಅಲ್ಲಿದ್ದೆ. 'ಸಾರ್, ಆನೆ ನಿಮ್ಮ ತೋಟಕ್ಕೆ ಬಂದಾಗ ನಿಮ್ಮ ಅಸಮಾಧಾನ 1ರಿಂದ 5ರವರೆಗೆ ಎಷ್ಟು?' ರೈಟರು ಎಲೆಯಡಿಕೆ ಒಂದು ಕಡೆಗೆ ಸರಿಸಿ ಕೇಳಿದರು: 'ಎಷ್ಟನೇ ಸಲ ಬಂದಾಗ?' ಹುಡುಗ ಹಾಳೆಯನ್ನೆಲ್ಲ ತಿರುವಿದ, ಅದಕ್ಕೆ ಕಾಲಂ ಇರಲಿಲ್ಲ. '3 ಅಂತ ಹಾಕ್ಲಾ ಸಾರ್?' 'ಹಾಕಪ್ಪ, ನಿನಗೂ ಬೇಗ ಮುಗೀಲಿ. ಮೊದಲು ಕಡುಬು ತಿನ್ನು.' ಮಲೆನಾಡಿನ ಮಾನವ-ಆನೆ ಸಂಘರ್ಷದ ಕುರಿತ ಯಾವುದೋ ಸರಾಸರಿಯೊಳಗೆ ಆ 3 ಇರುತ್ತದೆ.

ನಾನು ಅವನನ್ನು ಗೇಲಿ ಮಾಡಲೆಂದೇ ಪೆನ್ನು ತೆಗೆದಿದ್ದೆ. ಕಡುಬಿನ ಮೂರನೇ ಸುತ್ತಿನಲ್ಲಿ ಅವನು ಬಾಯಿ ಬಿಟ್ಟ ಮೇಲೆ ಮುಚ್ಚಿಟ್ಟೆ. ಜೆಆರ್‌ಎಫ್ ಪಾಸಾದ ಹುಡುಗ, ಕಾಗದದ ಮೇಲೆ 37,000. ಆ ದುಡ್ಡು ಬರಬೇಕಾದರೆ ಅವನು ಬದುಕಿದ್ದಾನೆ, ಓದುತ್ತಿದ್ದಾನೆ ಎಂದು ತಿಂಗಳು ತಿಂಗಳು ಅವನ ವಿಶ್ವವಿದ್ಯಾಲಯದ ಕಚೇರಿಯಲ್ಲಿ 'ಮೇಕರ್' ಎಂಬ ಒಬ್ಬರು ಪೋರ್ಟಲ್ಲಿನಲ್ಲಿ ನಮೂದಿಸಬೇಕು, 'ಚೆಕರ್' ಎಂಬ ಇನ್ನೊಬ್ಬರು ಅದಕ್ಕೆ ಹೌದೆನ್ನಬೇಕು. ಮೇಕರಿಗೆ ಬಾಣಂತನದ ರಜೆ. ಅವರು ಬಂದಾಗ ಚೆಕರಿಗೆ ಚುನಾವಣಾ ಡ್ಯೂಟಿ. ಐದು ತಿಂಗಳಿಂದ ಹುಡುಗ ಸರ್ಕಾರಿ ಲೆಕ್ಕದಲ್ಲಿ ಬದುಕಿರಲಿಲ್ಲ. ಗೈಡಿನ ಮಗಳ ಮದುವೆಗೆ ಪತ್ರಿಕೆ ಹಂಚಿ ಬಂದಿದ್ದ. ಪ್ರಬಂಧ ಒಪ್ಪಿಸುವ ಮುನ್ನ ಲೇಖನ ಪ್ರಕಟಿಸಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ಅವನ ಗೈಡು ಕೈಬಿಟ್ಟಿಲ್ಲ, ಯಾಕೆಂದರೆ ಲೇಖನದಲ್ಲಿ ಮೊದಲ ಹೆಸರು ಗೈಡಿನದು. ಪ್ರಕಟಿಸುವ ಪತ್ರಿಕೆ ಹುಡುಗನ ಹತ್ತಿರವೇ ಶುಲ್ಕ ಕೇಳಿತ್ತು. ಅವನಾದರೂ ಪುಣ್ಯವಂತ, ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಅದೇ 2022ರಲ್ಲಿ ನಿಲ್ಲಿಸಿದರು, ಅಲ್ಲಿ ಹೊಸಬರಿಗೆ ಮೇಕರೂ ಇಲ್ಲ ಚೆಕರೂ ಇಲ್ಲ.

ಹೊರಡುವಾಗ ರೈಟರು ಅವನ ಕೈಗೆ ಐನೂರು ರೂಪಾಯಿ ತುರುಕಿದರು. 'ಬಸ್ಸಿಗೆ ಇಟ್ಕೋ.' ನನಗೆ ಗೊತ್ತಿರುವ ಹಾಗೆ ಈ ಸೀಮೆಯಲ್ಲಿ ಅರ್ಜಿಯಿಲ್ಲದೆ, ಶಿಫಾರಸಿಲ್ಲದೆ, ಬಳಕೆ ಪ್ರಮಾಣಪತ್ರವಿಲ್ಲದೆ ಮಂಜೂರಾದ ಸಂಶೋಧನಾ ಅನುದಾನ ಅದೊಂದೇ.

ನನ್ನ ಅರ್ಜಿಗೆ ಉತ್ತರ ಬಂತು. ಒಂದೇ ಸಾಲು: 'ಲಗತ್ತಿಸಿದ ದಾಖಲೆ ಓದಲು ಬರುವಂತಿಲ್ಲ.' ರೈಟರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಮೊಬೈಲನ್ನು ದೂರ ಹಿಡಿದು ಓದಿ, 'ಸರಿಯಾಗೇ ಹೇಳಿದಾರಲ್ಲ' ಅಂದರು. ಆಮೇಲೆ ಎದ್ದು ಹೋಗಿ ಅವತ್ತಿನ ಮಳೆ ಬರೆದರು. 3 ಇಂಚು 40 ಸೆಂಟ್ಸು. ನಿವೃತ್ತರಾಗಿ ಒಂಬತ್ತು ವರ್ಷವಾಯಿತು, ಮಳೆಮಾಪಕವನ್ನು ತೋಟದವರು ಬಿಸಾಕಿದ್ದರಿಂದ ಮನೆಗೆ ತಂದಿಟ್ಟುಕೊಂಡಿದ್ದಾರೆ.

ಚಿಕ್ಕಮಗಳೂರು, ಮೂಡಿಗೆರೆ, ಕೊಪ್ಪ, ಕಳಸದ ತೋಟಗಳವರಲ್ಲಿ ಒಂದು ಕೇಳಿಕೆ. ನಿಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಮಳೆಪುಸ್ತಕವಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು, ಗೆದ್ದಲು ಮುಟ್ಟುವ ಮೊದಲು, ಹಗಲು ಬೆಳಕಿನಲ್ಲಿ ಒಂದೊಂದು ಪುಟದ ಫೋಟೋ ತೆಗೆದಿಡಿ. ಷರಾ ಕಾಲಂ ಬಿಡಬೇಡಿ. 200 ಕೆಬಿಗೆ ಇಳಿಸುವ ಅಗತ್ಯವಿಲ್ಲ.