ಗಣಿ ಮುಚ್ಚಿ ಹೋದವರು ಬಿಟ್ಟ ಗುಡ್ಡಗಳು: ಕೇಂದ್ರ ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಪರಿಸರ ಸಚಿವರಿಗೆ,



2025ರ ಜುಲೈನಲ್ಲಿ ತಮ್ಮ ಸಚಿವಾಲಯ ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿತು. ವಿಷ ಸುರಿದು ಬಾಗಿಲು ಹಾಕಿಕೊಂಡು ಹೋದವರ ನೆಲವನ್ನು ಯಾರು ಶುಚಿ ಮಾಡಬೇಕು, ಯಾರ ಹಣದಲ್ಲಿ ಮಾಡಬೇಕು ಎಂಬ ಪ್ರಶ್ನೆಗೆ ಕೊನೆಗೂ ಕಾನೂನಿನ ಭಾಷೆಯಲ್ಲಿ ಉತ್ತರ ಸಿಕ್ಕಿತು. ಅದಕ್ಕೆ ಮೊದಲು ಮನಸಾರೆ ಧನ್ಯವಾದ ಹೇಳುತ್ತೇನೆ.

ಅನುಮಾನವಿರುವ ಜಾಗಗಳ ಮಾಹಿತಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು. 90 ದಿನದಲ್ಲಿ ಮೊದಲ ಪರೀಕ್ಷೆ ಆಗಬೇಕು, ಅದರ ಮುಂದಿನ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ. ಹೊಣೆಗಾರರನ್ನು ಪತ್ತೆ ಹಚ್ಚಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮತ್ತೆ 90 ದಿನ. ಖರ್ಚು ಅವರದು, ಅವರಿಂದ ಆಗದಿದ್ದರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳದು. ಇಷ್ಟು ಓದಿದಾಗ ಕೋಲಾರ ಜಿಲ್ಲೆಯವನಾದ ನನಗೆ ನಮ್ಮ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಸೈನೈಡ್ ಗುಡ್ಡಗಳ ಸರದಿ ಬಂತು ಅನಿಸಿತು. ಆದರೆ ಅದೇ ನಿಯಮಗಳು ಗಣಿಗಾರಿಕೆಯಿಂದ ಕೆಟ್ಟ ನೆಲವನ್ನು ಹೊರಗಿಟ್ಟಿವೆ. ಅದಕ್ಕೆ ಬೇರೆ ಕಾನೂನುಗಳಿವೆ ಎಂಬುದು ಅಲ್ಲಿನ ತರ್ಕ. ಆ ಬೇರೆ ಕಾನೂನುಗಳು ನಮ್ಮ ಪಾಲಿಗೆ ಏನಾದವು ಎಂದು ತಿಳಿಸಲಿಕ್ಕೇ ಈ ಪತ್ರ.

ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಗಣಿ ಮುಚ್ಚುವವರು ನೆಲವನ್ನು ಸರಿಪಡಿಸುವ ಯೋಜನೆ ಕೊಡಬೇಕು, ಅದಕ್ಕೆ ಹಣದ ಖಾತರಿಯನ್ನೂ ಇಡಬೇಕು ಎಂಬ ನಿಯಮ ಬಂದದ್ದು 2003ರಲ್ಲಿ. ಗಣಿ ಬಾಧಿತ ಪ್ರದೇಶಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದ್ದು 2015ರಲ್ಲಿ. ಅವುಗಳ ಬೊಕ್ಕಸ ತುಂಬುವುದು ನಡೆಯುತ್ತಿರುವ ಗಣಿಗಳ ರಾಯಧನದ ಲೆಕ್ಕದಲ್ಲಿ. ನಿಂತುಹೋದ ಗಣಿಯಿಂದ ಅಲ್ಲಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಈಗ 2025ರ ನಿಯಮ ಬಂತು, ಅದರಲ್ಲಿ ಗಣಿಯೇ ಇಲ್ಲ. 120 ವರ್ಷ ದೇಶಕ್ಕೆ ಚಿನ್ನ ಕೊಟ್ಟ ಊರು ಒಂದೊಂದು ಕಾನೂನಿಗೂ ಒಂದೊಂದು ಕಾರಣಕ್ಕೆ ಹೊರಗಾಯಿತು.

ತಾವು ಒಮ್ಮೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಬನ್ನಿ. ಕಿಟಕಿಯಾಚೆ ಬೂದು ಬಣ್ಣದ ಗುಡ್ಡಗಳು ಕಾಣುತ್ತವೆ. ಅವು ದೇವರು ಮಾಡಿದ ಗುಡ್ಡಗಳಲ್ಲ. ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದವರೆಗೆ ಇಳಿದು ತೆಗೆದ ಬಂಡೆಯನ್ನು ನುಣ್ಣಗೆ ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಕೊಂಡು, ಉಳಿದದ್ದನ್ನು ಹೊರಗೆ ಸುರಿಯುತ್ತ ಹೋದದ್ದು. ಇಂಥ 13 ದಿಬ್ಬಗಳಿವೆ. ಸಾವಿರ ಎಕರೆಗೂ ಮಿಕ್ಕಿದ ಜಾಗದಲ್ಲಿ ಸುಮಾರು 3.3 ಕೋಟಿ ಟನ್ ಪುಡಿ. ಹತ್ತಿರ ಹೋಗಿ ನೋಡಿದರೆ ಮಳೆ ಕೊರೆದ ಕೊರಕಲುಗಳು ನೆತ್ತಿಯಿಂದ ಬುಡದವರೆಗೆ ಇಳಿದಿರುತ್ತವೆ. ಒಂದು ಹಿಡಿ ಎತ್ತಿಕೊಂಡರೆ ರಾಗಿ ಹಿಟ್ಟಿಗಿಂತ ನಯವಾಗಿ ಬೆರಳ ಸಂದಿಯಿಂದ ಜಾರುತ್ತದೆ. ಗಾಳಿ ಎದ್ದ ದಿನ ಇದೇ ಪುಡಿ ಗಣಿ ಕಾರ್ಮಿಕರ ಲೈನು ಮನೆಗಳಿಗೆ ನುಗ್ಗುತ್ತದೆ.

ಸೈನೈಡ್ ಬಿಸಿಲಿಗೆ ವರ್ಷ ಕಳೆದಂತೆ ಒಡೆದುಹೋಗುತ್ತದೆ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ನಿಜವೇ. ಆದರೆ ಈ ಪುಡಿಯಲ್ಲಿರುವ ಸಿಲಿಕಾ ಒಡೆಯುವುದಿಲ್ಲ, ಲೋಹಗಳೂ ಕರಗಿ ಮಾಯವಾಗುವುದಿಲ್ಲ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಕೆಜಿಎಫ್‌ಗೆ ಯಾರೂ ಪಾಠ ಹೇಳಬೇಕಿಲ್ಲ. ಸಿಲಿಕೋಸಿಸ್ ಎಂಬ ಹೆಸರು ಇಲ್ಲಿ ಗಣಿಯಲ್ಲಿ ದುಡಿದವರ ಮನೆಮಾತು. ಅವರಲ್ಲಿ ಹೆಚ್ಚಿನವರು ಆಚೆ ಸೀಮೆಗಳಿಂದ ಕೂಲಿಗೆಂದು ಬಂದು ನೆಲೆಸಿದ ದಲಿತ ಕುಟುಂಬದವರು. ಕೆಲಸ ಹೋಯಿತು, ಧೂಳು ಉಳಿಯಿತು.

ಹೊಣೆಗಾರರನ್ನು ಹುಡುಕಲು ಇಲ್ಲಿ 90 ದಿನವೂ ಬೇಡ. ಗಣಿಯನ್ನು ಮೊದಲು ದೊಡ್ಡ ಮಟ್ಟದಲ್ಲಿ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆ. 1956ರಲ್ಲಿ ಅದು ಮೈಸೂರು ರಾಜ್ಯದ ಕೈಗೆ ಬಂತು, 1962ರಲ್ಲಿ ಕೇಂದ್ರದ ಕೈಗೆ. 1972ರಿಂದ ಮುಚ್ಚುವವರೆಗೆ ನಡೆಸಿದ್ದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಭಾರತ ಸರ್ಕಾರ. ಬಿಚ್ಛ್ರಿ ಪ್ರಕರಣ ತಮಗೆ ನೆನಪಿರಬೇಕು. ರಾಜಸ್ಥಾನದ ಆ ಹಳ್ಳಿಯ ಬಾವಿಗಳನ್ನು ಕೆಡಿಸಿದ ರಾಸಾಯನಿಕ ಕಾರ್ಖಾನೆಗಳೇ ಶುಚಿ ಮಾಡುವ ಖರ್ಚನ್ನೂ ಕೊಡಬೇಕೆಂದು 1996ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಾಲಿನ್ಯ ಮಾಡಿದವನೇ ತೆರಬೇಕು ಎಂಬ ಆ ತತ್ವ ಖಾಸಗಿಯವರಿಗೆ ಎಷ್ಟು ಅನ್ವಯಿಸುತ್ತದೆಯೋ ಸರ್ಕಾರಕ್ಕೂ ಅಷ್ಟೇ ಅನ್ವಯಿಸಬೇಕು.

ಹಣ ಎಲ್ಲಿಂದ ಎಂಬ ಪ್ರಶ್ನೆ ಖಂಡಿತ ಬರುತ್ತದೆ. 2010ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿತು, 2016ರ ಹೊತ್ತಿಗೆ ಅದು 400 ರೂಪಾಯಿ ಆಯಿತು. ಅದರಿಂದ ಕಟ್ಟಿದ ನಿಧಿಯ ಬಾಬ್ತುಗಳಲ್ಲಿ ಅಪಾಯಕಾರಿ ತ್ಯಾಜ್ಯ ಸುರಿದ ಜಾಗಗಳ ಶುಚಿಯೂ ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಹಣದ ದಾರಿ ರಾಜ್ಯಗಳ ತೆರಿಗೆ ನಷ್ಟ ತುಂಬುವ ಕಡೆ ತಿರುಗಿತು. ಅಮೆರಿಕದಲ್ಲೂ ಹೀಗೇ ಆಗಿತ್ತು. ವಾರಸುದಾರರಿಲ್ಲದ ವಿಷದ ನೆಲಕ್ಕೆಂದು 1980ರಲ್ಲಿ ಅವರು ಸೂಪರ್‌ಫಂಡ್ ಕಾನೂನು ಮಾಡಿ, ಪೆಟ್ರೋಲಿಯಂ ಮತ್ತು ರಾಸಾಯನಿಕ ಉದ್ಯಮಗಳ ಮೇಲೆ ತೆರಿಗೆ ಹಾಕಿದರು. 1995ರಲ್ಲಿ ಆ ತೆರಿಗೆಯ ಅವಧಿ ಮುಗಿದು ನಿಧಿ ಸೊರಗಿತು, ಸಾಮಾನ್ಯ ಬಜೆಟ್ಟಿನ ಮುಂದೆ ಕೈಯೊಡ್ಡಬೇಕಾಯಿತು. 2021ರಿಂದ ಈಚೆಗೆ ತೆರಿಗೆಯನ್ನು ಮತ್ತೆ ತಂದಿದ್ದಾರೆ. ಮೀಸಲಾದ ಆದಾಯವಿಲ್ಲದೆ ಈ ಕೆಲಸ ನಡೆಯುವುದಿಲ್ಲ.

ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮದೇ ರಾಜ್ಯದಲ್ಲಿ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿ ಗಾಯ ಮಾಯಿಸಲು ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ. ಆ ಹಣ ಅದೇ ಮಣ್ಣಿನ ಅದಿರು ಮಾರಿ ಬಂದದ್ದು. ಬಳ್ಳಾರಿಗೆ ಸಂದ ನ್ಯಾಯ ಕೋಲಾರಕ್ಕೆ ಏಕೆ ಸಲ್ಲಬಾರದು?

ಇದನ್ನು ಈಗಲೇ ಕೇಳಲು ಕಾರಣವಿದೆ. ಈ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯಲು ಅವುಗಳನ್ನು ಹರಾಜಿಗೆ ಇಡುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಊರಿಗೆ ಕೆಲಸ ಬರುವುದಾದರೆ ನನಗೂ ಸಂತೋಷವೇ. ಆದರೆ ಟನ್ನಿಗೆ ಒಂದು ಗ್ರಾಂ ಆಸುಪಾಸಿನ ಚಿನ್ನ ತೆಗೆದುಕೊಂಡ ಮೇಲೆ 3.3 ಕೋಟಿ ಟನ್ ಪುಡಿ ಹೆಚ್ಚುಕಡಿಮೆ 3.3 ಕೋಟಿ ಟನ್ನಾಗಿಯೇ ಉಳಿಯುತ್ತದೆ. ಇಷ್ಟು ವರ್ಷದಲ್ಲಿ ತಕ್ಕಮಟ್ಟಿಗೆ ಗಟ್ಟಿಯಾದ ದಿಬ್ಬವನ್ನು ಕೆದಕಿದರೆ ಧೂಳು ಹೊಸದಾಗಿ ಏಳುತ್ತದೆ. ಅಂಥ ಪುಡಿಯಿಂದ ಚಿನ್ನ ಬಿಡಿಸಲು ಸಾಮಾನ್ಯವಾಗಿ ಬಳಸುವುದೂ ಮತ್ತೆ ಸೈನೈಡನ್ನೇ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಹಳೆಯ, ಕೈಬಿಟ್ಟ ಗಣಿಗಳ ತ್ಯಾಜ್ಯವನ್ನು 2025ರ ನಿಯಮಗಳೊಳಗೆ ತನ್ನಿ. ನೆಲ ಕಲುಷಿತವಾಗಿದೆ ಎಂದು ಘೋಷಿಸಿದ ಮೇಲೆ ಅದನ್ನು ಸರಿಪಡಿಸಿ ಮುಗಿಸಲೂ ಒಂದು ಗಡುವು ಹಾಕಿ; ಪತ್ತೆ ಹಚ್ಚಲು ದಿನ ಎಣಿಸುವ ನಿಯಮ ಶುಚಿ ಮಾಡಲು ಎಣಿಸುತ್ತಿಲ್ಲ. ದಿಬ್ಬಗಳ ಹರಾಜಿನಿಂದ ಬರುವ ಹಣದಲ್ಲಿ ಮೊದಲ ಪಾಲು ಬೊಕ್ಕಸಕ್ಕೆ ಹೋಗದೆ, ಪುಡಿಯನ್ನು ಭದ್ರವಾಗಿ ಮುಚ್ಚಿ ಹಸಿರು ಹೊದಿಸಲು, ಸುತ್ತಲಿನ ಬಾವಿ ಕೆರೆಗಳ ನೀರು ಪರೀಕ್ಷಿಸಲು, ಸಿಲಿಕೋಸಿಸ್ ತಪಾಸಣೆಗೆ ಮೀಸಲಾಗಬೇಕು. ಪರೀಕ್ಷೆಯ ಫಲಿತಾಂಶಗಳನ್ನು ಕನ್ನಡ, ತಮಿಳು, ತೆಲುಗಿನಲ್ಲಿ ರಾಬರ್ಟ್‌ಸನ್‌ಪೇಟೆಯ ನಗರಸಭೆಯಲ್ಲಿ ಅಂಟಿಸಬೇಕು. ಈ ಷರತ್ತುಗಳೆಲ್ಲ ಹರಾಜಿನ ಕರಾರಿನಲ್ಲೇ ಇರಬೇಕು. ಕರಾರಿಗೆ ಸಹಿ ಬಿದ್ದ ಮೇಲೆ ಸೇರಿಸುತ್ತೇವೆಂದರೆ ಗುತ್ತಿಗೆದಾರ ಒಪ್ಪುವುದಿಲ್ಲ, ನ್ಯಾಯಾಲಯದಲ್ಲಿ ಇನ್ನಷ್ಟು ವರ್ಷ ಹೋಗುತ್ತವೆ.

ಗಣಿ ಸಚಿವಾಲಯ ತಮ್ಮದಲ್ಲ ಎಂಬುದು ಗೊತ್ತು. ಆದರೆ ಪರಿಸರ ಸಂರಕ್ಷಣಾ ಕಾಯ್ದೆ ತಮ್ಮ ಕೈಯಲ್ಲಿದೆ, ನಿಯಮ ತಿದ್ದುವ ಅಧಿಕಾರವೂ ಇದೆ. ಈ ಪತ್ರದ ಪ್ರತಿಯನ್ನು ಕರ್ನಾಟಕದ ಮುಖ್ಯಮಂತ್ರಿಗಳಿಗೂ ಕಳಿಸುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ನಾಗರಿಕ