ಜಾವಾ ಕಾಲನಿರ್ಣಯ: ಪೂರ್ವಪಕ್ಷ ಮತ್ತು ಸಿದ್ಧಾಂತ

ಕುಮಾರವ್ಯಾಸನ ಕಾಲವನ್ನು ಕುರಿತು ನಮ್ಮ ವಿದ್ವಾಂಸರು ಕೈಕೈ ಮಿಲಾಯಿಸುವುದೊಂದನ್ನು ಬಾಕಿ ಇಟ್ಟಿದ್ದಾರೆ. ಮೈಸೂರಿನ ಯಾದವಗಿರಿಯಲ್ಲಿ ಅವತರಿಸಿದ ಜಾವಾ ಬೈಕಿನ ಕಾಲದ ಬಗ್ಗೆ ಮಾತ್ರ ವಿದ್ವಲ್ಲೋಕ ತುಟಿ ಬಿಚ್ಚಿಲ್ಲ. ಈ ಲೋಪವನ್ನು ಸರಿಪಡಿಸುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ.

ಮೇಲಿನ ಮತ್ತು ಕೆಳಗಿನ ಗಡುವುಗಳಲ್ಲಿ ವಿವಾದವಿಲ್ಲ. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ನಡುವೆ 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಬಂತು. ಆದರೆ ನಮ್ಮ ಷೆಡ್ಡಿನ ಕೃತಿ ಏಕಕರ್ತೃಕವಲ್ಲ. ಟ್ಯಾಂಕಿನ ಮೇಲೆ ಜಾವಾ ಲಾಂಛನ, ಹ್ಯಾಂಡಲ್ ರೋಡ್‌ಕಿಂಗ್‌ನದು: ನಿಸ್ಸಂಶಯವಾಗಿ ಪ್ರಕ್ಷಿಪ್ತ. ಹಿಂದಿನ ಮಡ್‌ಗಾರ್ಡ್ ಯಾವ ಪರಂಪರೆಯದೆಂದು ಗುಜರಿಯವನೂ ಹೇಳಲಾರ. ಕಿಕ್ಕರನ್ನೇ ಒಳಕ್ಕೊತ್ತಿ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುವ ಶ್ಲೇಷೆ ಮಾತ್ರ ಮೂಲಕವಿಯದೇ.

ಉತ್ಖನನಕ್ಕೆ ವಾಟರ್ ಪೇಪರ್ ಬಳಸಲಾಯಿತು. ಮೇಲೆ ಕಪ್ಪು, ಅದರಡಿ ಹಸಿರು (ಅಳಿಯನ ಆಳ್ವಿಕೆ), ಆಮೇಲೆ ಬೆರಳುದಪ್ಪ ಪುಟ್ಟಿ, ಕಟ್ಟಕಡೆಗೆ ಮರೂನ್. ಪುಟ್ಟಿಯ ದಪ್ಪ ನೋಡಿದರೆ ಒಂದು ಮಹಾಯುದ್ಧ ನಡೆದಿರಲೇಬೇಕು. ಎದುರಾಳಿ ಬಹುಶಃ ಎಮ್ಮೆ.

ಇನ್ನು ಶಾಸನಾಧಾರ. ಎಂಜಿನ್ ಮೇಲಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪಡಿಯಚ್ಚು ತೆಗೆದೆವು. ರೈಸ್ ಸಾಹೇಬರ ಕಣ್ಣಿಗೆ ಬೀಳದ ಈ ಶಾಸನದ ಮೂರನೆಯ ಅಂಕೆ 3 ಎಂದು ನಮ್ಮ ಮತ. 8 ಎಂಬುದು ಮೆಕ್ಯಾನಿಕ್‌ರ ಪಾಠಾಂತರ. ಉಳಿ ಸುತ್ತಿಗೆ ಹಿಡಿದು ತಮ್ಮ ಪಾಠವನ್ನು ಅಲ್ಲೇ ಸ್ಥಿರಗೊಳಿಸಲು ಅವರು ಮುಂದಾದಾಗ ಕೈಹಿಡಿದು ತಡೆಯಬೇಕಾಯಿತು.

ಮಾರಿದವರ ಆಪ್ತವಾಕ್ಯ: “ಮಹಾರಾಜರ ಕಾಲದ್ದು ಬುದ್ಧೀ.” ಯಾವ ಮಹಾರಾಜರು ಎಂದು ಕೇಳುವುದು ಶಿಷ್ಟಾಚಾರವಲ್ಲ.

ಇಷ್ಟೆಲ್ಲ ಪಾಂಡಿತ್ಯಕ್ಕೆ ಸರ್ಕಾರ ಕವಡೆಕಾಸಿನ ಬೆಲೆ ಕೊಡುವುದಿಲ್ಲ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ ‘ವಿಎ’ ಸರಣಿಯ ನಂಬರ್ ಉಂಟು. ವಯಸ್ಸಿನ ಲೆಕ್ಕ ಮೊದಲ ನೋಂದಣಿಯಿಂದ. ಎಂಜಿನ್ ಯಾವಾಗ ಹುಟ್ಟಿದರೇನು, ಆರ್‌ಸಿ ಹೇಳಿದ್ದೇ ವೇದ. ಆದ್ದರಿಂದ ಆರ್‌ಸಿಯ ಹಸ್ತಪ್ರತಿಯನ್ನು ಪರಿಶೀಲಿಸಲಾಗಿ, ದಿನಾಂಕ ಸ್ಫುಟವಾಗಿದೆ, ತಿಂಗಳೂ ಸ್ಫುಟವಾಗಿದೆ. ‘19’ರಿಂದಾಚೆಗೆ ಗೆದ್ದಲು ತಿಂದು ಗ್ರಂಥಪಾತ.